ಬಿಚ್ಚಿದ ಕೆಂಪು ಪಟ್ಟಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ನನ್ನ ಫೋನ್ ಎತ್ತುವುದಿಲ್ಲವೆಂದು ಗೊತ್ತಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿಯಬೇಡ. ಹರಿಯುವುದಾದರೆ ಓದಿ ಹರಿ.

ನಿನ್ನವರ ಕೈ ಹೇಗಿದೆ? ಎಡಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲವಂತೆ, ಅಂಗಿಯ ಗುಂಡಿ ಹಾಕಲು ನೀನೇ ಬೇಕಂತೆ. ಹಾಲಿನವಳು ಹೇಳಿದಳು. ಎರಡು ಬೀದಿ ಆಚೆಗಿರುವ ತಂಗಿಯ ಮನೆಯ ಸುದ್ದಿಯನ್ನು ಏಳು ತಿಂಗಳಿಂದ ಹಾಲಿನವಳ ಬಾಯಲ್ಲಿ ಕೇಳುತ್ತಿದ್ದೇನೆ. ಮರದ ತುದಿಯಲ್ಲಿ ಕೂತು ಕೆಳಗಿನವರನ್ನು ಗೇಲಿ ಮಾಡುತ್ತಿದ್ದ ಮನುಷ್ಯ ಈಗ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ದಾರಿಯಲ್ಲಿ ಹೋಗುವವರನ್ನು ಎಣಿಸುತ್ತಾರೆ ಎಂದಳು. ನಾನು ಹಾಲು ಉಕ್ಕುತ್ತದೆಂದು ನೆಪ ಹೇಳಿ ಒಳಗೆ ಬಂದೆ.

ಇಲ್ಲಿಯ ವಿಷಯ ಒಂದೇ. ಗುರುವಾರ ನಿನ್ನ ಭಾವ ವರ್ಕ್‌ಶಾಪು ಖಾಲಿ ಮಾಡುತ್ತಿದ್ದಾರೆ. ಮಿಷನ್ನಿನ ಭಾಗಗಳನ್ನು ಬಿಗಿದು ಹಿಡಿಯುವ ವೈಸ್, ಚೈನಿನ ಹಲ್ಲು ಹರಿತ ಮಾಡುವ ಅರಗಳ ಡಬ್ಬ, ಬಿಚ್ಚಿಟ್ಟ ಕಾರ್ಬೊರೇಟರುಗಳು, ಮೊಳೆಗಳಲ್ಲಿ ತೂಗುವ ಹಳೆಯ ಚೈನುಗಳು, ಎಲ್ಲವೂ ಗುಜರಿಯವನಿಗೆ. ಅಡುಗೆಮನೆಯ ಹಿಂದಿನ ಆ ಕೋಣೆಯ ಪೆಟ್ರೋಲ್ ವಾಸನೆ ಅನ್ನಕ್ಕೂ ಹತ್ತುತ್ತದೆಂದು ಇಪ್ಪತ್ತೆರಡು ವರ್ಷ ಗೊಣಗಿದವಳು ನಾನು. ಈಗ ಆ ವಾಸನೆಯಿಲ್ಲದೆ ಮನೆ ಯಾರದೋ ಅನ್ನಿಸುತ್ತದೆ.

ನಿನ್ನ ಭಾವನ ಉಗುರುಗಳು ಬೆಳ್ಳಗಾಗಿವೆ, ಗುಬ್ಬಿ. ಆ ಅಪಘಾತವಾದ ಮೇಲೆ, ಮೊದಲೇ ಒಪ್ಪಿಕೊಂಡಿದ್ದ ಮರ ಕೊಯ್ಯುವ ಎರಡು ಪೆಟ್ರೋಲ್ ಗರಗಸಗಳನ್ನು ಮುಗಿಸಿ ಕೊಟ್ಟು, ನಾಲ್ಕನೆಯ ದಿನ ಸೋಪು ಹಚ್ಚಿ ಕೈ ತೊಳೆದರು. ಆಮೇಲೆ ಒಂದು ಮಿಷನ್ನನ್ನೂ ಮುಟ್ಟಿಲ್ಲ. ಊಟಕ್ಕೆ ಕೂತಾಗ ಆ ಶುಭ್ರವಾದ ಕೈಗಳನ್ನು ನೋಡಲಾಗುವುದಿಲ್ಲ. ಹಿಂದಿನದೆಂದರೆ ಬಲಗೈ ಹೆಬ್ಬೆರಳಿನ ಅಡ್ಡ ಗೆರೆಯೊಂದೇ ಉಳಿದಿದೆ, ಅರ ಜಾರಿ ಆದ ಗಾಯದ್ದು. ಯಾರಾದರೂ ಗರಗಸ ತಂದರೆ, ನಂಗೆ ಮರೆವು ಶುರುವಾಗಿದೆ ಕಣಯ್ಯಾ, ಬೇರೆ ಕಡೆ ತೋರಿಸು ಅಂತ ಬಾಗಿಲಲ್ಲೇ ಕಳಿಸುತ್ತಾರೆ.

ಅವರಿಗೆ ಮರೆವಿಲ್ಲ. ಅದನ್ನು ಹೇಳಲೆಂದೇ ಈ ಕಾಗದ.

ನಮ್ಮಲ್ಲಿಯ ಪದ್ಧತಿ ನಿನಗೆ ಗೊತ್ತು. ರಿಪೇರಿಗೆ ಬಂದ ಗರಗಸದ ಹಿಡಿಗೆ ಕೆಂಪು ಪಟ್ಟಿ ಕಟ್ಟುತ್ತಾರೆ. ನಮ್ಮ ಹಳೆಯ ಪರದೆಯನ್ನು ಹರಿದು ಆ ಪಟ್ಟಿಗಳನ್ನು ಮಾಡಿಕೊಟ್ಟವಳು ನಾನೇ. ಕೆಲಸವೆಲ್ಲ ಮುಗಿದು, ಹಿತ್ತಲಿನ ದಿಮ್ಮಿಯನ್ನು ಮೂರು ಸಲ ಕೊಯ್ದು ನೋಡಿ, ಸಮಾಧಾನವಾದ ಮೇಲೆ ಪಟ್ಟಿಯನ್ನು ಅವರೇ ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಪಟ್ಟಿ ಇದ್ದ ಮಿಷನ್ ಹೊಸಿಲು ದಾಟುವಂತಿಲ್ಲ.

ಆ ದಿನ ಬೆಳಿಗ್ಗೆ ಅವರು ಬ್ರೇಕಿನ ಪಟ್ಟಿ ತರಲು ಪೇಟೆಗೆ ಹೋಗಿದ್ದರು. ಗರಗಸ ಮೇಲಕ್ಕೆ ಚಿಮ್ಮಿದರೆ ಚೈನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಿಸುವ ಉಕ್ಕಿನ ತುಂಡು ಅದು. ಹಳೆಯದನ್ನು ತೆಗೆದು, ಸ್ಕ್ರೂಗಳು ಕಳೆಯದಿರಲೆಂದು ಮುಚ್ಚಳವನ್ನು ಹಾಗೇ ಕೂಡಿಸಿಟ್ಟಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ. ರಿಪೇರಿಗೆ ಕೊಟ್ಟಿದ್ದ ತಮ್ಮ ಗರಗಸ ಕೇಳಿಕೊಂಡು ನಿನ್ನವರು ಬಂದರು. ಗಾಳಿಗೆ ದಾರಿಯ ಮೇಲೆ ಮರ ಬಿದ್ದಿದೆ, ಜನ ಕಾಯ್ತಿದಾರೆ ಅಂದರು. ಅಣ್ಣನ ಕೈಗೆ ಬಂದ ಮಿಷನ್ನು ಮದುವೆ ಹೆಣ್ಣಿನ ಹಾಗಕ್ಕಾ, ಅಲಂಕಾರ ಮುಗಿಯೋದೇ ಇಲ್ಲ ಅಂತ ನಕ್ಕರು. ಅವರೇ ಹಗ್ಗ ಎಳೆದರು. ಒಂದೇ ಎಳೆತಕ್ಕೆ ಶುರುವಾಯಿತು. ಇಷ್ಟು ಚೆನ್ನಾಗಿ ಓಡುವುದು ರಿಪೇರಿಯಾಗಿಯೇ ಇರಬೇಕು, ಪಟ್ಟಿ ಬಿಚ್ಚುವುದು ಮರೆತಿದ್ದಾರೆ ಎಂದುಕೊಂಡೆ.

ನಾನೇ ಬಿಚ್ಚಿದೆ, ಗುಬ್ಬಿ. ತಗೊಂಡು ಹೋಗಿ, ಆಗಿದೆ ಅಂದೆ. ನಿನ್ನವರು ಆಗ ಬೆನ್ನು ತಿರುಗಿಸಿ ಪೆಟ್ರೋಲ್ ಡಬ್ಬಿ ಹುಡುಕುತ್ತಿದ್ದರು, ನೋಡಲಿಲ್ಲ; ಹಿಡಿಗೆ ಪಟ್ಟಿ ಇದ್ದದ್ದನ್ನು ಮೊದಲೂ ಗಮನಿಸಿರಲಿಲ್ಲ.

ಅವಸರದಲ್ಲಿ ಹಾಗಾಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಅವಸರ ನಿನ್ನವರದು, ನನ್ನದಲ್ಲ. ನನ್ನದು ಇನ್ನೊಂದು. ಓದುತ್ತಿದ್ದ ಪದ್ಯ ಮುಗಿಯಲು ನಾಲ್ಕು ಸಾಲು ಬಾಕಿ ಇತ್ತು. ನಿನ್ನವರು ಬೇಗ ಹೋದರೆ ಸಾಕಿತ್ತು. ಕೈಯಲ್ಲಿದ್ದ ಪಟ್ಟಿಯನ್ನು ಆ ಪುಟಕ್ಕೇ ಗುರುತಾಗಿ ಇಟ್ಟೆ. ಅಷ್ಟರಲ್ಲಿ ಒಲೆಯ ಮೇಲಿನದು ಹೊತ್ತಿದ ವಾಸನೆ ಬಂತು, ಎದ್ದು ಹೋದೆ. ಆ ನಾಲ್ಕು ಸಾಲನ್ನು ಇವತ್ತಿಗೂ ಓದಿಲ್ಲ.

ಮಧ್ಯಾಹ್ನ, ಗರಗಸ ಚಿಮ್ಮಿ ನಿನ್ನವರ ಕೈ ಕೊಯ್ದ ಸುದ್ದಿ ಬಂದಾಗ ನಿನ್ನ ಭಾವ ಹೊಸ ಬ್ರೇಕಿನ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಕೆಂಪು ಪಟ್ಟಿ ಇತ್ತಾ ಅಂತ ಒಂದೇ ಸಲ ಕೇಳಿದರು. ನಾನು ನೋಡಲಿಲ್ಲ ಅಂದೆ. ಅವರು ನನ್ನ ಮುಖವನ್ನು ನೋಡಿ, ಹಾಗಾದ್ರೆ ನಾನೇ ಕಟ್ಟೋದು ಮರೆತಿರಬೇಕು ಅಂದರು. ನಾನು ಅದನ್ನು ತಿದ್ದದೆ, ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿದೆ.

ಹತ್ತನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ನೀನು ಎಲ್ಲರೆದುರು, ನಿಮ್ಮನ್ನ ಕಣ್ಣು ಮುಚ್ಚಿ ನಂಬಿದ್ವಲ್ಲ ಭಾವ, ಇವರನ್ನ ಹೀಗೆ ಮೂಲೆಗೆ ಕೂರಿಸಿದ್ರಲ್ಲ ಅಂದೆ. ಅವರು ತಲೆ ತಗ್ಗಿಸಿ, ತಪ್ಪಾಯ್ತಮ್ಮಾ ಅಂದರು. ನಾನು ಪಕ್ಕದಲ್ಲೇ ಇದ್ದೆ. ಗೋಡೆಯ ಮೇಲಿನ ಸಮಯದ ಪಟ್ಟಿಯನ್ನು ಓದುತ್ತಿರುವವಳ ಹಾಗೆ ನಿಂತಿದ್ದೆ. ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಆ ಅಳುವಿಗೆ ಹೆಗಲು ಕೊಟ್ಟ ನಾಚಿಕೆ ಇನ್ನೂ ಹೋಗಿಲ್ಲ.

ಅವರಿಗೆ ಹೇಳುವ ಮೊದಲು ನಿನಗೆ ಹೇಳುತ್ತಿದ್ದೇನೆ. ಇದೂ ಹೇಡಿತನವೇ. ನೀನು ಬೈದರೆ ಸಹಿಸಬಲ್ಲೆ, ಆದರೆ ಅವರು ಒಂದು ಮಾತೂ ಆಡದೆ ಇದ್ದುಬಿಟ್ಟರೆ ಏನು ಮಾಡಲಿ?

ನಿನ್ನ ಕ್ಷಮೆ ಕೇಳುವುದಿಲ್ಲ. ನಿನ್ನವರ ಬೆರಳು ಅದರಿಂದ ಮಡಚುವುದಿಲ್ಲ. ಒಂದೇ ಕೋರಿಕೆ. ನಿನ್ನ ಸಿಟ್ಟನ್ನು ಇತ್ತ ತಿರುಗಿಸು, ಗುರುವಾರದೊಳಗೆ ಭಾವನಿಗೆ ಒಂದು ಮಾತು ಹೇಳು. ನಿಮ್ಮ ತಪ್ಪಲ್ಲ ಅಂದರೆ ಸಾಕು. ಗುಜರಿಯವನ ಗಾಡಿ ಹತ್ತು ಗಂಟೆಗೆ ಬರುತ್ತದೆ. ನಿನ್ನ ಬಾಯಿಂದ ಬಂದರೆ ಅವರು ಅರಗಳ ಡಬ್ಬವನ್ನಾದರೂ ಉಳಿಸಿಕೊಂಡಾರು.

ಇನ್ನು ನಿನ್ನ ಬಾಗಿಲಿಗೆ ನಾನಾಗಿ ಬರುವುದಿಲ್ಲ. ಕರೆದರೆ ಓಡಿ ಬರುತ್ತೇನೆ.

ನಿನ್ನ
ಅಕ್ಕ

ಮರೆತ ಮಾತು: ಆ ಪಟ್ಟಿಯನ್ನು ಈ ಲಕೋಟೆಯಲ್ಲಿಟ್ಟು ಕಳಿಸೋಣವೆಂದು ಈಗಷ್ಟೇ ಪುಸ್ತಕ ತೆಗೆದೆ, ಆ ದಿನದ ನಂತರ ಇದೇ ಮೊದಲು. ಪಟ್ಟಿ ಇಟ್ಟಲ್ಲೇ ಇದೆ. ಅದರ ಕೆಳಗೆ, ನಾನು ಓದದೆ ಬಿಟ್ಟ ನಾಲ್ಕು ಸಾಲಿನ ಮೇಲೆ, ಕರಿ ಎಣ್ಣೆಯ ಹೆಬ್ಬೆರಳಿನ ಗುರುತು. ನಡುವೆ ಅಡ್ಡ ಗೆರೆ. ನಾನು ಪಟ್ಟಿ ಇಟ್ಟಾಗ ಆ ಪುಟದಲ್ಲಿ ಕಲೆ ಇರಲಿಲ್ಲ. ಅವರು ಕೈ ತೊಳೆದದ್ದು ನಾಲ್ಕನೆಯ ದಿನ, ನಿನ್ನೆದುರು ತಲೆ ತಗ್ಗಿಸಿದ್ದು ಹತ್ತನೆಯ ದಿನ. ಪಟ್ಟಿಯನ್ನು ನಿನಗೆ ಕಳಿಸುತ್ತಿಲ್ಲ, ಗುಬ್ಬಿ. ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದೇನೆ. ಅವರು ದಿಮ್ಮಿಯ ಮೇಲೆ ಕೂತಿದ್ದಾರೆ.