ಹನ್ನೊಂದು ಹಳೆಯ ಕಂಪ್ಯೂಟರ್‌ಗಳು

ನವೆಂಬರ್ ೫, ಬುಧವಾರ

ಏಳನೆಯ ಸಾಫ್ಟ್‌ವೇರೂ ಇನ್‌ಸ್ಟಾಲ್ ಆಗಲಿಲ್ಲ. ವಿಂಡೋಸ್ ಹತ್ತು ಬೇಕಂತೆ. ನಮ್ಮ ಲ್ಯಾಬಿನಲ್ಲಿರುವುದು ವಿಂಡೋಸ್ ಏಳು. ವೆಬ್ ಪುಟ ಬರೆಯುವ ಸಾಫ್ಟ್‌ವೇರ್ ಉಚಿತ, ಅದನ್ನು ಹಾಕಲು ಕಂಪ್ಯೂಟರ್ ಮಾತ್ರ ಹೊಸದಾಗಿ ಕೊಳ್ಳಬೇಕು... ಯಾವ ಸೀಮೆಯ ಉಚಿತ ಇದು?

ಸಾಲದ್ದಕ್ಕೆ ಶಾಲೆಯ ಕಾರ್ಯದರ್ಶಿ ಶ್ರೀಹರಿ ಬಂದರು.

"ಗಿರಿಜಾಂಬಾ ಅವ್ರೇ, ಇವನ್ನೆಲ್ಲ ಗುಜರಿಗೆ ಹಾಕ್ಬಿಡೋಣ. ಈ ರೂಮಲ್ಲಿ ಯೂನಿಫಾರ್ಮ್ ಬಟ್ಟೆ ಇಡ್ಬೋದು."

"ರಾಜ್ಯೋತ್ಸವಕ್ಕೆ ಬನ್ನಿ ಸಾರ್. ಮಕ್ಕಳೇ ಮಾಡಿರೋ ವೆಬ್ ಪುಟ ತೋರಿಸ್ತೀನಿ. ಕನ್ನಡದಲ್ಲಿ!"

"ಆಗ್ಲಿ. ಇಲ್ದಿದ್ರೆ ಗುಜರಿಯವನಿಗೆ ಹೇಳ್ತೀನಿ."

ನನ್ನ ಬಾಯಿ ಸುಮ್ಮನಿರುವುದಿಲ್ಲ. ಶಾಲೆಯ ರಾಜ್ಯೋತ್ಸವ ೨೨ಕ್ಕೆ. ಗಣಿತದ ಟೀಚರಿಗೆ ಬೇಕಿತ್ತೇ ಇದು? ಆದರೆ ಒಂಬತ್ತನೇ ತರಗತಿಯ ಇಪ್ಪತ್ತೆರಡು ಹುಡುಗಿಯರಲ್ಲಿ ಒಬ್ಬಳ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಈ ಕೋಣೆ ಹೋದರೆ ಮುಗಿಯಿತು.

ನವೆಂಬರ್ ೮, ಶನಿವಾರ, ಮಧ್ಯಾಹ್ನ ೧

ಸಿಕ್ಕಿತು! ಪುಟ್ಟ ಎಡಿಟರ್, ಐದೇ ಎಂಬಿ. ನೋಂದಣಿ ಬೇಡ, ಇಂಟರ್‌ನೆಟ್ ಬೇಡ. ಹಳೆಯ ಆವೃತ್ತಿಗಳೂ ಅದೇ ಪುಟದ ಕೆಳಗಿದ್ದವು. ನಾನು ದಡ್ಡಿ, ಮೇಲಿನ ಹೊಸದನ್ನೇ ಒತ್ತುತ್ತಾ ಕೂತಿದ್ದೆ. ಪೆನ್‌ಡ್ರೈವ್‌ನಿಂದ ಹನ್ನೊಂದಕ್ಕೂ ಹಾಕಿದೆ. ಹನ್ನೊಂದೂ ತೆರೆದುಕೊಂಡವು. ಒಬ್ಬಳೇ ಚಪ್ಪಾಳೆ ತಟ್ಟಿದೆ.

ನವೆಂಬರ್ ೧೩

ಸರ್ವನಾಶ. ಒಂಬತ್ತನೆಯ ತರಗತಿಯ ತೇಜಶ್ರೀ, ಗಾಂಧಿಬಜಾರಿನಲ್ಲಿ ತನ್ನ ಅಮ್ಮ ಹೂವು ಮಾರುವ ಬಗ್ಗೆ ಬರೆದಿದ್ದಳು. ಎಡಿಟರ್‌ನಲ್ಲಿ ಕನ್ನಡ ಮುದ್ದಾಗಿ ಕಂಡಿತು. ಬ್ರೌಸರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳು, ಒಂದಕ್ಕೆ ಟೋಪಿ, ಇನ್ನೊಂದಕ್ಕೆ ಬಾಲ. ಎಲ್ಲರದ್ದೂ ಹಾಗೇ.

ಇಪ್ಪತ್ತು ವರ್ಷದಿಂದ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಫಾಂಟನ್ನೇ ಕೊಟ್ಟಿದ್ದೇನೆ. ನನ್ನದೇನೂ ತಪ್ಪಿಲ್ಲ.

"ಏನೋ ಕೆಡಿಸಿದೀಯ ನೀನು" ಎಂದು ತೇಜಶ್ರೀಗೆ ಬೈದೆ. ಅವಳು ತಲೆ ತಗ್ಗಿಸಿ ಹೋದಳು.

ನವೆಂಬರ್ ೧೭, ಸೋಮವಾರ

ಮೂರು ದಿನ ಲ್ಯಾಬಿನ ಕಡೆಗೇ ಹೋಗಿರಲಿಲ್ಲ. ಇವತ್ತು ತೇಜಶ್ರೀ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮಿಸ್, ಬೈಬೇಡಿ... ಅಮ್ಮನ ಫೋನಲ್ಲಿ ನಿಮ್ಮ ಫಾಂಟ್ ಇಲ್ವಲ್ಲ. ಆದ್ರೂ ವಾಟ್ಸಾಪಲ್ಲಿ ಕನ್ನಡ ಬರತ್ತೆ. ಹೆಂಗೆ?"

ಹೌದಲ್ಲ... ಹೇಗೆ?

ಗಂಟೆಗಟ್ಟಲೆ ಓದಿದ ಮೇಲೆ ತಿಳಿಯಿತು. ನನ್ನ ಫಾಂಟ್ ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸುತ್ತದೆ, ಅಷ್ಟೇ. ಬೇಕಾದದ್ದು ಯೂನಿಕೋಡ್, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಅದರ ಕೀಲಿಮಣೆ ಆ ಹಳೆಯ ವಿಂಡೋಸ್‌ನಲ್ಲೇ ಇದೆ, ಮೊದಲಿನಿಂದಲೂ!

ತರಗತಿಯ ಎದುರೇ ಹೇಳಿದೆ: "ತಪ್ಪು ನಂದು ಕಣೆ ತೇಜಶ್ರೀ. ಸುಮ್ನೆ ನಿನ್ನ ಬೈದೆ." ನಾಚಿಕೆಯಾಯಿತು. ಹಗುರವೂ ಆಯಿತು. ಇನ್ನು ಐದು ದಿನದಲ್ಲಿ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು.

ನವೆಂಬರ್ ೨೨, ಶನಿವಾರ, ಸಂಜೆ

ಶ್ರೀಹರಿ ಬಂದರು, ಕೂತರು. ತೇಜಶ್ರೀ ತನ್ನ ಪುಟ ತೆರೆದಳು. ಕನ್ನಡ!

"ನೀನೇ ಮಾಡಿದ್ಯಾ?"

"ಹೂಂ ಸಾರ್. ನಿಮ್ಮ ಹೆಸರೂ ಹಾಕ್ತೀನಿ, ಸ್ವಲ್ಪ ಜರುಗಿ."

ಕಾರ್ಯದರ್ಶಿ ಜರುಗಿದರು! ಕೆಂಪು ಅಕ್ಷರದಲ್ಲಿ ತಮ್ಮ ಹೆಸರು ನೋಡಿದರು. ಹಸಿರು ಮಾಡಮ್ಮ ಎಂದರು. ಮಾಡಿದಳು. ಹೊರಡುವಾಗ ನನ್ನ ಕಡೆ ತಿರುಗಿ, "ಬಟ್ಟೆಗೆ ಬೇರೆ ರೂಮ್ ನೋಡೋಣ ಬಿಡಿ" ಎಂದರು.

ಶುಗರ್ ಇದ್ದರೂ ಎರಡು ಜಿಲೇಬಿ ತಿಂದೆ.

ನವೆಂಬರ್ ೨೪, ಸೋಮವಾರ, ೩.೪೦

ಎಂಟನೆಯವರಿಗೂ ಸುದ್ದಿ ಹೋಗಿದೆ. ಒಂದೊಂದು ಕಂಪ್ಯೂಟರಿಗೆ ನಾಲ್ಕು ಜನ. ತೇಜಶ್ರೀ ಹೇಳಿಕೊಡುತ್ತಿದ್ದಾಳೆ, ನನಗಿಂತ ಚೆನ್ನಾಗಿ. ಯಾರಿಗೂ ಬೈಯುತ್ತಿಲ್ಲ. ನನಗೆ ಕುರ್ಚಿಯೇ ಇಲ್ಲ, ಕಿಟಕಿಗೆ ಒರಗಿ ನಿಂತೇ ಬರೆಯುತ್ತಿದ್ದೇನೆ. ಅವಳು ಕರೆಯುತ್ತಿದ್ದಾಳೆ, "ಮಿಸ್, ಇಲ್ಲಿ ಬನ್ನಿ, ನಿಮಗೂ ಒಂದು ಹೊಸದು ತೋರಿಸ್ತೀನಿ" ಅಂತ. ಹೋಗಿ ನೋಡಿ ಬಂದು ಉಳಿದದ್ದು ಬರೆಯುತ್ತೇನೆ.