ಹಸಿರು ಚೂಡಿದಾರ

ರಾಯದುರ್ಗ
ತಾ. 11–6–2018

ನನ್ನ ಬಾಯಾಳಿ ಮೊಮ್ಮಗಳು ಗಂಗೋತ್ರಿಗೆ,

ಹೈದರಾಬಾದಿನ ನೀರು ಹಿಡಿಸಿತಾ? ಕೆಮ್ಮು ಹೋಯಿತಾ? ಹಾಸ್ಟೆಲ್ಲಿನವರು ಮುದ್ದೆ ಹಾಕಲಾರರು, ಹಾಕಿದ್ದನ್ನೇ ಹೊಟ್ಟೆ ತುಂಬ ಉಣ್ಣು. ನನ್ನ ಮಂಡಿ ಹಾಗೇ ಇದೆ. ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ, ಥೇಟ್ ನಿನ್ನ ಹಠ. ಫೋನಿನಲ್ಲಿ ಹೇಳಬಹುದಿತ್ತು. ನನ್ನ ಬಾಯಲ್ಲಿ ಬೈಗುಳವೇ ಮೊದಲು ಬರುತ್ತದೆ, ನೀನು ಇಟ್ಟುಬಿಡುತ್ತೀ. ಕಾಗದವಾದರೆ ಪೂರ್ತಿ ಬೈಸಿಕೊಳ್ಳಬೇಕು.

ಟಿ.ವಿ. ಕಂಪನಿಯವರು ನಿನ್ನನ್ನು ತೆಗೆದುಕೊಂಡರೆಂದು ಓಣಿಗೆಲ್ಲ ಸಕ್ಕರೆ ಹಂಚಿದೆ. ಧಾರಾವಾಹಿಗೆ ಕಥೆ ಹೆಣೆಯುವುದನ್ನು ಕೆಲವು ತಿಂಗಳು ಕಲಿಸುತ್ತಾರಂತೆ ಎಂದರೆ ಪಕ್ಕದ ಮನೆ ಕೆಂಪಕ್ಕ, 'ಅದನ್ನೂ ಕಲೀಬೇಕೇನು? ಕರೆಂಟ್ ಹೋದಾಗೆಲ್ಲ ಮುಂದಿನ ಕಥಿ ನಿಮ್ಮ ಹುಡುಗೀನೇ ಹೇಳ್ತಿದ್ಲಲ್ಲ!' ಎಂದಳು. ನಿಜ. ಕೂಲಿಗೆ ತಂದ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತ ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು. ಮಾರನೇ ದಿನ ಟಿ.ವಿ.ಯಲ್ಲಿ ಬೇರೆ ಬಂದರೆ, ತಪ್ಪಿದವರು ಟಿ.ವಿ.ಯವರೇ ಎನ್ನುತ್ತಿದ್ದೆವು.

ಆದರೆ ಇಂಟರ್‌ವ್ಯೂ ದಿನ ನೀನು ಹೇಳಿದ ಕಥೆ ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ, 'ಅಜ್ಜಿ, ಕೆಮ್ಮಬ್ಯಾಡ' ಎಂದು ನನ್ನನ್ನೂ ನನ್ನ ಪ್ಯಾಂಟಿನ ಗಂಟನ್ನೂ ಅಡುಗೆಮನೆಗೆ ಅಟ್ಟಿ, ತೆಲುಗಿನಲ್ಲಿ ಶುರು ಮಾಡಿದೆ. ಸಂತೆಯಲ್ಲಿ ಕುರಿ ಮಾರಿ ಬದುಕಿದವಳಿಗೆ ತೆಲುಗು ಬರುವುದಿಲ್ಲ ಅಂದುಕೊಂಡೆಯಾ? ನಿಮ್ಮ ಮನೆಯದೇ ಒಂದು ಕಥೆ ಹೇಳು ಎಂದರು ಕಂಪನಿಯವರು. 'ಗಾರ್ಮೆಂಟ್ಸಿಗೆ ಹೋದ ನನ್ನ ತಾಯಿ ನನ್ನನ್ನು ಬಿಟ್ಟು ಬೇರೆಯವನ ಹಿಂದೆ ಹೋದಳು' ಎಂದೆ ನೀನು. ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಉಗುಳು ಕೂಡ ನುಂಗದೆ ಸತ್ತಳು ಎಂದೆ. ಆ ಕಡೆಯಿಂದ ಯಾರೋ 'ಸೂಪರ್' ಅಂದರು. ನನ್ನ ಕೈಯ ಕತ್ತರಿ ಹಾಗೇ ನಿಂತಿತು.

ನಿನ್ನ ತಾಯಿ ಮಂಜುಳ ಓಡಿಹೋದವಳಲ್ಲ, ಮಗಳೇ. ನನ್ನ ಮಗ ಯರ್ರಿಸ್ವಾಮಿ ತೀರಿಕೊಂಡಾಗ ಅವಳೇ ಇನ್ನೂ ಹುಡುಗಿ. ಬೆಂಗಳೂರಿನಲ್ಲಿ ಮಿಷನ್ ತುಳಿಯುತ್ತಿದ್ದಾಗ ಒಬ್ಬ ಒಳ್ಳೆಯವನು ಕೇಳಿದ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವ ಉಡಿಕೆ ನಮ್ಮಲ್ಲಿ ಮೊದಲಿನಿಂದ ಇದೆ. ಹಿರಿಯರ ಮುಂದೆಯೇ ಕಳಿಸಿದೆವು. ಕಟ್ಟಳೆ ಅಂದರೆ, ಕೂಸು ತಂದೆಯ ಮನೆಗೆ, ಉಡಿಕೆಯಾದವಳು ಈ ಹೊಸ್ತಿಲು ಮತ್ತೆ ತುಳಿಯಬಾರದು. ಇದನ್ನು ಹೇಳಿದಾಗೆಲ್ಲ ನೀನು 'ಆ ಕಟ್ಟಳೆ ಮುರೀಬೇಕಿತ್ತು' ಎಂದು ಎದ್ದು ಹೋಗುತ್ತಿದ್ದೆ. ಧಾರಾವಾಹಿಯಲ್ಲಿ ಮುರಿಯುವುದು ಸುಲಭ, ಓಣಿಯಲ್ಲಿ ಮುರಿದು ನೋಡು.

ಕೆಲಸ ಬಿಡು ಎನ್ನುವುದಿಲ್ಲ. ಕಥೆ ಹೇಳಿಯೇ ಬದುಕು. ಆದರೆ ಆ ಕಥೆ ಧಾರಾವಾಹಿಯಾದರೆ ಅವಳೂ ನೋಡುತ್ತಾಳೆ. ದಿನವೆಲ್ಲ ಮಿಷನ್ ತುಳಿದು ಬಂದು, ತಟ್ಟೆ ಹಿಡಿದು ಟಿ.ವಿ. ಮುಂದೆ ಕೂತವಳು ತನ್ನ ಮಗಳ ಕೈಯಲ್ಲೇ ತಾನು ಸಾಯುವುದನ್ನು ನೋಡಬೇಕಾ? ಬೈಯಿಸು, ಅಳಿಸು, ನನ್ನನ್ನು ರಾಕ್ಷಸಿ ಮಾಡು. ಅವಳನ್ನು ಸಾಯಿಸಬೇಡ.

ನೇಮಕಲ್ಲು ಆಂಜನೇಯ ನಿನ್ನ ಹೊಟ್ಟೆಗೆ ಅನ್ನ ಕೊಡಲಿ, ನಾಲಿಗೆಗೆ ಮರುಕ ಕೊಡಲಿ.

ನಿನ್ನ ಅಜ್ಜಿ
ಉಜ್ಜಿನಮ್ಮ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಂಟರ್‌ವ್ಯೂಗೆ ನೀನು ಹಾಕಿಕೊಂಡಿದ್ದ ಆ ಹಸಿರು ಚೂಡಿದಾರ ನಾನು ಅಂಗಡಿಯಲ್ಲಿ ಕೊಂಡದ್ದಲ್ಲ. ಮಂಜುಳ ಹೊಲಿದು, ಬಸ್‌ಸ್ಟ್ಯಾಂಡಿನ ತನಕ ತಂದು ನನ್ನ ಕೈಗಿಟ್ಟು ಅಲ್ಲಿಂದಲೇ ತಿರುಗಿ ಹೋದಳು. 'ನಾ ಕೊಟ್ಟೆ ಅನಬ್ಯಾಡ್ರಿ ಅತ್ತಿ, ಆಕಿ ಹಾಕ್ಕಳ್ಳಲ್ಲ' ಅಂದಳು. ನಿನ್ನ ಅಳತೆ ಅವಳಿಗೆ ಗೊತ್ತಿಲ್ಲ. ಅದಕ್ಕೇ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು ಎರಡೂ ಪಕ್ಕದ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದಾಳೆ. ತಿರುವಿ ನೋಡು.