ಕಿರ್ ಎನ್ನುವ ಸ್ಟೂಲು

ಅಪ್ಪನಿಗೆ,

ಫೋನ್ ಮಾಡಿದರೆ "ತಾಳು, ಅಮ್ಮಂಗೆ ಕೊಡ್ತೀನಿ" ಅಂತ ಜಾರಿಕೊಳ್ಳುತ್ತೀರಿ. ಅದಕ್ಕೇ ಈ ಕಾಗದ. ಅಮ್ಮನ ಕೈಗೆ ಕೊಡದೆ ನೀವೇ ಓದಿ.

ಮೊನ್ನೆ ನಮ್ಮ ಆಸ್ಪತ್ರೆಯಲ್ಲಿ ನಿಮ್ಮನ್ನು ಮಲಗಿಸಿ, "ಕಣ್ಮುಚ್ಚಿ, ಅಂಗಾಲಿಗೆ ಈ ನೈಲಾನ್ ಎಳೆ ತಾಗಿದಾಗ ಹೂಂ ಅನ್ನಿ" ಅಂದೆ. ಸಕ್ಕರೆ ಕಾಯಿಲೆ ಇದ್ದವರ ಪಾದದ ನರ ಸದ್ದಿಲ್ಲದೆ ಸೋಲಬಹುದು, ಬೇಗ ಗೊತ್ತಾದರೆ ಕಾಲು ಕಾಪಾಡಿಕೊಳ್ಳಬಹುದು ಅಂತ ಬಿಡಿಸಿ ಹೇಳಿದ್ದೆ. ನೀವು ಹತ್ತಕ್ಕೆ ಹತ್ತು ಸಲವೂ ಹೂಂ ಅಂದಿರಿ. ಹೊರಗೆ ಬಂದು ಅಮ್ಮನ ಮುಂದೆ "ಪಾಸಾದೆ ಕಣೇ" ಅಂತ ಬೀಗಿದಿರಿ. ಅದು ಪಾಸಾಗುವ ಪರೀಕ್ಷೆ ಅಂತ ನಿಮಗೆ ಯಾರು ಹೇಳಿದರು?

ಏಳನೇ ಕ್ಲಾಸಿನಲ್ಲಿ ನಾನು ಪಕ್ಕದವಳ ಲೆಕ್ಕ ನೋಡಿ ಬರೆದೆ ಅಂತ ಎರಡು ದಿನ ಮಾತು ಬಿಟ್ಟವರು ನೀವು! ಈಗ ಎಳೆ ತಾಗಿಸಲು ನಾನು ಬಾಗಿ, ಕೂತ ಸ್ಟೂಲು ಕಿರ್ ಎಂದಾಗಲೆಲ್ಲ ಹೂಂ ಅನ್ನುತ್ತೀರಿ. ಅನುಮಾನ ಬಂದು, ಕೊನೆಯ ನಾಲ್ಕು ಸಲ ಬರೀ ಸ್ಟೂಲು ಅಲುಗಾಡಿಸಿದೆ. ಎಳೆ ನನ್ನ ಜೇಬಿನಲ್ಲಿತ್ತು.

ಬಸ್ ಓಡಿಸಲು ಬಿಡುವುದಿಲ್ಲ ಅನ್ನುವ ಹೆದರಿಕೆ ನಿಮಗೆ. ಗೊತ್ತು. ಆದರೆ ಹಿಂದೆ ಐವತ್ತು ಜನ ಕೂತಿರುತ್ತಾರೆ, ಬ್ರೇಕು ಇದೇ ಕಾಲಿನ ಕೆಳಗಿರುತ್ತದೆ.

ಗುರುವಾರ ಹತ್ತು ಗಂಟೆಗೆ ಬನ್ನಿ. ಅಲ್ಲಿಯವರೆಗೆ ರಜೆ ಹಾಕಿ. ಬರಿಗಾಲಲ್ಲಿ ಓಡಾಡಬೇಡಿ, ರಾತ್ರಿ ಮಲಗುವ ಮುಂಚೆ ಅಮ್ಮನಿಗೆ ಅಂಗಾಲು ತೋರಿಸಿ. ಸದ್ದು ಮಾಡದ ಬೇರೆ ಸ್ಟೂಲು ತಂದಿಟ್ಟಿದ್ದೇನೆ.

ಎಳೆ ತಾಗಿದ್ದು ಗೊತ್ತಾಗದಿದ್ದರೆ ಸುಮ್ಮನಿರಿ, ಅಪ್ಪ. ನಾನು ಮಾತು ಬಿಡುವುದಿಲ್ಲ.

ಸಿಟ್ಟು ಇನ್ನೂ ಇಳಿಯದ,
ನಿಮ್ಮ ನರ್ಸ್ ಮಗಳು